ಹತ್ತೊಂಬತ್ತು ದಿನಗಳ ಶಾಯಿ

ಒಂದು ವಾಹನಕ್ಕೆ ಎಷ್ಟು ಜನ್ಮದಿನಗಳಿರುತ್ತವೆ ಎಂಬುದು ಅದನ್ನು ಹಳೆಯದಾಗಿ ಕೊಳ್ಳಲು ಹೊರಟವನಿಗೆ ಮಾತ್ರ ತಿಳಿಯುತ್ತದೆ. ನೋಂದಣಿ ಪುಸ್ತಕದಲ್ಲಿ ಒಂದು ದಿನಾಂಕ; ಬಾಗಿಲ ಬಳಿ ಹೊಡೆದ ತಗಡಿನ ಮೇಲೆ, ತಯಾರಾದ ತಿಂಗಳೆಂದು, ಇನ್ನೊಂದು. ಪ್ರತಿ ಗಾಜಿನ ಮೂಲೆಯಲ್ಲೂ ಒಂದು ಸಣ್ಣ ಮುದ್ರೆ ಇರುತ್ತದೆ. ಐದು ಗಾಜುಗಳು ಒಂದು ವರ್ಷ ಹೇಳಿ ಆರನೆಯದು ಬೇರೊಂದು ವರ್ಷ ಹೇಳಿದರೆ ಆ ಬದಿಗೆ ಯಾವಾಗಲೋ ಪೆಟ್ಟು ಬಿದ್ದಿದೆ ಎಂದು ಅರ್ಥ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳು: ಮೊದಲೆರಡು ವಾರ, ಕೊನೆಯೆರಡು ವರ್ಷ. ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಬುಡದಲ್ಲಿ ಹೊಲಿದ ಬಟ್ಟೆಯ ಚೀಟಿ, ಅದರಲ್ಲೂ ಒಂದು ವರ್ಷ. ಹಳೆಯ ಬಂದರುಗಳ ದಾಖಲೆಗಳಲ್ಲಿ ಹಡಗುಗಳು ಬಂದ ದಿನವನ್ನೂ ಹೋದ ದಿನವನ್ನೂ ಹೊಂದಿಸುತ್ತ ವೃತ್ತಿಜೀವನ ಕಳೆದ ನನಗೆ ಈ ಅಂಕಿಗಳು ಸಂತೋಷವನ್ನಲ್ಲ, ತುರಿಕೆಯನ್ನು ತಂದವು. ಆ ವರ್ಷದ ಬೇಸಿಗೆಯಲ್ಲಿ ಕಾರವಾರದಿಂದ ಅಂಕೋಲೆಯವರೆಗೆ ನಾಲ್ಕು ಹಳೆಯ ವ್ಯಾನುಗಳ ಕೆಳಗೆ ಭೂತಗನ್ನಡಿ ಹಿಡಿದು ಮಲಗಿದ್ದೆ. ನಾಲ್ಕರಲ್ಲೂ ಎರಡು ದಿನಾಂಕಗಳಾದರೂ ಪರಸ್ಪರ ಜಗಳವಾಡುತ್ತಿದ್ದವು. ನಾಲ್ಕನ್ನೂ ಬಿಟ್ಟೆ.

ನಮಗೆ ಬೇಕಾಗಿದ್ದದ್ದು ಒಳಗೆ ಮಲಗಲು, ಕೈ ತೊಳೆಯಲು, ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಳ್ಳಲು ಆಗುವಂಥ ಒಂದು ವಾಹನ. ಜಾಹೀರಾತುಗಳಲ್ಲಿ ಅದಕ್ಕೆ ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ನನ್ನ ಹೆಂಡತಿ ಮನೆಗಾಡಿ ಎನ್ನುತ್ತಿದ್ದಳು. ಪ್ರವಾಸದ ಹುಚ್ಚು ನಮ್ಮಿಬ್ಬರಿಗೂ ಇರಲಿಲ್ಲ. ಅವಳ ಮೂತ್ರಪಿಂಡಗಳು ಸೋತ ಮೇಲೆ ಅವಳು ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುತ್ತಿದ್ದಳು: ದಿನಕ್ಕೆ ನಾಲ್ಕು ಸಲ, ಹಿಂದಿನ ಸಲದ ದ್ರವವನ್ನು ಕೊಳವೆಯ ಮೂಲಕ ಹೊಟ್ಟೆಯಿಂದ ಹೊರಕ್ಕೆ ಇಳಿಸಿ, ಎರಡು ಲೀಟರಿನ ಒಂದು ಹೊಸ ಚೀಲದ್ದನ್ನು ಒಳಕ್ಕೆ ಬಿಟ್ಟುಕೊಳ್ಳುವುದು. ಚೀಲ ತೂಗುಹಾಕಲು ತಲೆಗಿಂತ ಎತ್ತರದಲ್ಲಿ ಒಂದು ಕೊಂಡಿ ಬೇಕು. ಕೊಳವೆ ಜೋಡಿಸುವಾಗ ಫ್ಯಾನು ತಿರುಗಕೂಡದು, ಗಾಳಿ ಆಡಕೂಡದು. ಎರಡು ಸಲಗಳ ನಡುವೆ ಐದು ಗಂಟೆ. ಹೀಗಾಗಿ ನಮ್ಮ ಲೋಕ ಅಂಕೋಲೆಯ ಬೊಬ್ರುವಾಡದ ನಮ್ಮ ಮನೆಯನ್ನು ಕೇಂದ್ರವಾಗಿಟ್ಟ ಒಂದು ವೃತ್ತವಾಗಿತ್ತು. ಎರಡೂವರೆ ಗಂಟೆ ಹೋದರೆ ಎರಡೂವರೆ ಗಂಟೆ ತಿರುಗಿ ಬರಬೇಕು.

ಮೂರು ವರ್ಷದ ಕೆಳಗೆ ಒಮ್ಮೆ ಈ ವೃತ್ತವನ್ನು ದಾಟಿದ್ದೆವು. ಅವಳ ಅಕ್ಕನ ಮಗಳ ಮದುವೆಗೆ ಹುಬ್ಬಳ್ಳಿಗೆ ಹೋಗಿ, ಲಾಡ್ಜಿನ ಕೋಣೆಯಲ್ಲಿ ಚೀಲ ಬದಲಿಸಿದಳು. ಮರುದಿನ ಜ್ವರ, ಹೊಟ್ಟೆನೋವು. ಹೊರಬಂದ ದ್ರವ ಗಂಜಿಯ ತಿಳಿಯಂತೆ ಮಸುಕು. ಎರಡು ವಾರ ಆಸ್ಪತ್ರೆ. ಆಗ ನಾನು ಸುಮ್ಮನೆ ಕೂತಿರಲಿಲ್ಲ. ಪ್ರತಿ ಸಲದ ಸಮಯ, ತೂಕ, ದ್ರವದ ಬಣ್ಣ ಎಲ್ಲವನ್ನೂ ಅವಳು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಅದನ್ನು ನನ್ನ ದಿನಚರಿಯ ಜೊತೆಗಿಟ್ಟು ಗಂಟೆಗಂಟೆಯ ಪಟ್ಟಿ ಮಾಡಿದೆ. ಹೊರಟ ಬೆಳಿಗ್ಗೆ ಮನೆಯಲ್ಲಿ: ತಿಳಿ. ಸಂಜೆ ಲಾಡ್ಜಿನಲ್ಲಿ: ತಿಳಿ. ಮರುದಿನ: ಮಸುಕು. ಸೋಂಕು ಲಾಡ್ಜಿನದೇ ಎಂದು ಸ್ಥಾಪಿಸಿ ವೈದ್ಯರ ಮುಂದಿಟ್ಟೆ. ಅವರು ಒಪ್ಪಿ, ಇನ್ನು ಲಾಡ್ಜು ಬೇಡ ಎಂದರು. ಮಾಡಿದ ಕೆಲಸದ ಬಗ್ಗೆ ನನಗೆ ಒಂದು ಸಣ್ಣ ಹೆಮ್ಮೆಯೂ ಇತ್ತು.

ಅಕ್ಕ ಇರುವುದು ಬೀದರಿನಲ್ಲಿ. ನಾನು ಗಾಡಿ ಹುಡುಕಿದ ಬೇಸಿಗೆಯ ಹಿಂದಿನ ಚಳಿಗಾಲದಲ್ಲಿ ಅವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಅವರು ಬರುವಂತಿಲ್ಲ, ಇವಳು ಹೋಗುವಂತಿಲ್ಲ. ಪ್ರತಿ ಸಂಜೆ ಫೋನು. ಒಂದು ಸಂಜೆ ಇವಳು ನನ್ನನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟಳು:

"ಇಶಾಡ್ ಹಣ್ಣಾಗ್ಲಿ ಅಕ್ಕಾ, ಹಣ್ ತಕಂಡೇ ಬತ್ತೆ. ಮಳೆ ಬೀಳೂದ್ರೊಳಗೆ ಬತ್ತೆ."

ಅಂಕೋಲೆಯ ಇಶಾಡು ಮಾವು ಹಣ್ಣಾಗುವುದು ಮೇ ತಿಂಗಳಲ್ಲಿ; ಜೂನಿಗೆ ಮಳೆ. ಅಂದರೆ ನನಗಿದ್ದದ್ದು ಏಪ್ರಿಲ್ ಒಂದೇ. ದಾರಿಯಲ್ಲಿ ಎಲ್ಲೋ ಗಾಡಿ ಕೆಟ್ಟು ನಿಂತರೆ, ಚೀಲ ಬೆಚ್ಚಗಿಡುವ ಬ್ಯಾಟರಿ ಸತ್ತರೆ, ಧೂಳಿನ ರಸ್ತೆಬದಿಯಲ್ಲಿ ಅವಳು ಕೊಳವೆ ಜೋಡಿಸಬೇಕಾದರೆ ಏನಾಗಬಹುದು ಎಂಬುದನ್ನು ನಾನು ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಯಾವುದೋ ಅಂಕಿಯನ್ನು ಇನ್ನೊಮ್ಮೆ ನೋಡಬೇಕೆನಿಸುತ್ತಿತ್ತು.

ಐದನೆಯ ಗಾಡಿ ಸಿಕ್ಕಿದ್ದು ಕದ್ರಾದಲ್ಲಿ. ಕಾರವಾರದಲ್ಲಿ ಹೆದ್ದಾರಿ ಬಿಟ್ಟು, ಹೊಳೆಯ ಜೊತೆಜೊತೆಗೇ ಒಳಕ್ಕೆ ಹೋದರೆ ಗಾಳಿಯಲ್ಲಿ ಉಪ್ಪು ಕಡಿಮೆಯಾಗುವುದು ಮೂಗಿಗೇ ತಿಳಿಯುತ್ತದೆ. ಸಮುದ್ರದ ದಂಡೆಯಲ್ಲಿ ನಿಂತ ಗಾಡಿಗಳ ಚಾಸಿ ಒಳಗಿನಿಂದ ಹಪ್ಪಳವಾಗಿರುತ್ತದೆ ಎಂಬುದು ನಾಲ್ಕು ಗಾಡಿಗಳು ಕಲಿಸಿದ ಪಾಠ. ಮಾರುವವರು ಅಲ್ಲಿನ ಅಣೆಕಟ್ಟಿನ ವಿದ್ಯುದಾಗಾರದಲ್ಲಿ ಪಾಳಿಯ ಕೆಲಸ ಮಾಡಿ ನಿವೃತ್ತರಾದವರು. ಹಳೆಯ ಪ್ರಯಾಣಿಕ ವ್ಯಾನೊಂದನ್ನು ಕೊಂಡು, ಸೀಟು ಕಿತ್ತು, ಮಂಚ, ನೀರಿನ ತೊಟ್ಟಿ, ಸಣ್ಣ ಒಲೆ ಕೂರಿಸಿ, ಸರಕಾರಿ ಕಚೇರಿಯಲ್ಲಿ ನಮೂದೂ ಮಾಡಿಸಿದ್ದರು. ಗಂಡ ಹೆಂಡತಿ ತಿರುಗಾಡಲೆಂದು ಮಾಡಿದ್ದು. ಹೆಂಡತಿ ತೀರಿಕೊಂಡಿದ್ದರೆಂದು ಫೋನಿನಲ್ಲೇ ಹೇಳಿದ್ದರು. ಯಾವಾಗ ಎಂದು ನಾನು ಕೇಳಲಿಲ್ಲ. ಕೇಳುವುದು ಸೌಜನ್ಯವಲ್ಲ ಎಂದುಕೊಂಡೆ.

ನನ್ನ ಹೆಂಡತಿ ಶೆಟಗೇರಿಯ ಶಾಲೆಯಲ್ಲಿ ಕಲಿಸಿದವಳೆಂದು ತಿಳಿದ ಕ್ಷಣದಿಂದ ಅವರು ಅವಳನ್ನು, ನಮ್ಮ ಕಡೆ ಎಲ್ಲರೂ ಶಿಕ್ಷಕಿಯರನ್ನು ಕರೆಯುವಂತೆ, ಅಕ್ಕೋರು ಎಂದೇ ಕರೆದರು. ನಾನು ಗಾಜು, ಟೈರು, ತಗಡು ಓದುತ್ತಿರುವಾಗ ಅವಳು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಬ್ಯಾಗಿನಿಂದ ಊದುಬತ್ತಿ ತೆಗೆದು ಹಚ್ಚಿ ಕಿಟಕಿಯ ಸಂದುಗಳ ಬಳಿ ಹಿಡಿದಳು. ಹೊಗೆ ನೆಟ್ಟಗೆ ಮೇಲೇರಿತು. ಗಾಳಿ ನುಸುಳುತ್ತಿಲ್ಲ. ಆಮೇಲೆ ಮಂಚದ ಮೇಲೆ ಛಾವಣಿಗೆ ಹಾಕಿದ್ದ ಕೊಂಡಿಯನ್ನು ಎಳೆದು ನೋಡಿದಳು.

"ಇದು ಎಂತಕ್ಕೆ ಹಾಕಿದ್ದು?"

"ನಮ್ಮನೆಯವಳು ತನ್ನ ವ್ಯಾನಿಟಿ ಬ್ಯಾಗ್ ತೂಗುಹಾಕೂಕೆ ಅಂತ ಹಾಕ್ಸಿದ್ದು."

"ಮೂರು ಕಿಲೋ ತಡೀತದ್ಯಾ?"

"ಅವಳ ಬ್ಯಾಗ್ ತಡದದೆ ಅಕ್ಕೋರೆ. ನಾನೇ ಜೋತ್ರೂ ತಡೀತದೆ!"

ಮಂಚದ ಕೆಳಗಿನ ಎರಡನೆಯ ಬ್ಯಾಟರಿಯ ಪ್ರತಿ ತಂತಿಗೂ ಒಂದೊಂದು ಚೀಟಿ ಕಟ್ಟಿದ್ದರು. ದಿನಾಂಕಗಳು ಒಂದಕ್ಕೊಂದು ಒಪ್ಪಿದವು: ಆರು ಗಾಜು, ತಗಡು, ಬೆಲ್ಟಿನ ಚೀಟಿ, ನೋಂದಣಿ. ಟೈರುಗಳು ಮಾತ್ರ ಗಾಡಿಗಿಂತ ಈಚಿನವು, ಆದರೆ ನಾಲ್ಕೂ ಒಂದೇ ವಾರದವು. ನಾನು ಭೂತಗನ್ನಡಿಯನ್ನು ಜೇಬಿಗೆ ಸೇರಿಸುತ್ತಿರುವಾಗ ಅವರು ಒಳಗಿನಿಂದ ಎರಡು ದಪ್ಪ ಪುಸ್ತಕ ತಂದು ಬಾನೆಟ್ಟಿನ ಮೇಲಿಟ್ಟರು. ವಿದ್ಯುದಾಗಾರದಲ್ಲಿ ಯಂತ್ರದ ಸ್ಥಿತಿಯನ್ನು ಗಂಟೆಗಂಟೆಗೂ ಬರೆದಿಡುವ ಪದ್ಧತಿಯನ್ನು ಅವರು ಮನೆಗೂ ತಂದಿದ್ದರು. ಪ್ರತಿ ಬೆಳಿಗ್ಗೆ ಆರಕ್ಕೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಬಿಡುವುದು. ದಿನಾಂಕ, ಎಣ್ಣೆಯ ಮಟ್ಟ, ನೀರಿನ ಬಿಸಿ, ಹವೆ, ಕೊನೆಯಲ್ಲಿ, ಟಿಪ್ಪಣಿಗೆಂದು, ಷರಾ ಎಂಬ ಅಂಕಣ. ಒಂದು ದಿನವೂ ಖಾಲಿ ಇಲ್ಲ. ನನಗೆ ಇಂಥ ಮೂಲ ಆಕರ ಒಂದು ಹಡಗಿನ ಬಗ್ಗೆಯೂ ಸಿಕ್ಕಿರಲಿಲ್ಲ. ಒಂದು ವಾರಕ್ಕೆ ಕೊಡಿ ಎಂದು ಬೇಡಿದೆ. ಅವರು "ಹಾಳೆ ಮಡಚ್ಬೇಡಿ ಸರ್" ಎಂದು ಕೊಟ್ಟರು.

ಬೊಬ್ರುವಾಡಕ್ಕೆ ಬಂದ ಮೇಲೆ ಮೂರು ದಿನ ಓದಿದೆ. ಮೂರನೆಯ ದಿನ ಮಧ್ಯಾಹ್ನ, ಎರಡನೆಯ ಪುಸ್ತಕದ ನಡುವೆ, ಕಣ್ಣು ನಿಂತಿತು. ಹಿಂದಿನ ಪುಟಗಳಲ್ಲಿ ಪ್ರತಿ ದಿನದ ಅಕ್ಷರ ಬೇರೆ ಬೇರೆ: ಒಂದು ದಿನ ಒತ್ತಿ ಬರೆದದ್ದು, ಒಂದು ದಿನ ಅವಸರದ್ದು, ಒಮ್ಮೊಮ್ಮೆ ಎಣ್ಣೆಯ ಹೆಬ್ಬೆರಳ ಗುರುತು. ಇಲ್ಲಿ ಹತ್ತೊಂಬತ್ತು ದಿನಗಳ ದಾಖಲೆ ಒಂದೇ ಓರೆಯಲ್ಲಿ ಇಳಿದಿತ್ತು. ಶಾಯಿ ಮುಗಿಯುತ್ತ ಬಂದ ಪೆನ್ನು ಮೊದಲ ಸಾಲಿನಿಂದ ಹತ್ತೊಂಬತ್ತನೆಯ ಸಾಲಿನವರೆಗೆ ಒಂದೇ ಸಮನೆ ಮಂಕಾಗುತ್ತ ಹೋಗಿತ್ತು. ತಿಂಗಳ ಕೊನೆಗೆ ಒಮ್ಮೆಲೇ ಕೂತು ತಿಂಗಳನ್ನೆಲ್ಲ ತುಂಬುತ್ತಿದ್ದ ಬಂದರಿನ ಗುಮಾಸ್ತರ ಕೈ ನನಗೆ ಚೆನ್ನಾಗಿ ಪರಿಚಿತ, ಇದು ಅದೇ. ನೀರಿನ ಬಿಸಿ ಹತ್ತೊಂಬತ್ತು ದಿನವೂ ಒಂದೇ. ಹವೆಯ ಅಂಕಣದಲ್ಲಿ ಹತ್ತೊಂಬತ್ತು ದಿನವೂ ಬಿಸಿಲು. ತಿಂಗಳು ಮಾತ್ರ ನಡುಮಳೆಗಾಲದ್ದು.

ಆ ವರ್ಷದ ನನ್ನ ದಿನಚರಿ ತೆಗೆದೆ. ಅಂಕೋಲೆಯಲ್ಲಿ ಆ ದಿನಗಳಲ್ಲಿ ಬಟ್ಟೆ ಒಣಗಿರಲಿಲ್ಲ. ಹೊಳೆ ಉಕ್ಕಿ ತಗ್ಗಿನ ಅಂಗಳಗಳಿಗೆ ನೀರು ಬಂದ ಸುದ್ದಿಯನ್ನೂ ನಾನೇ ಬರೆದಿಟ್ಟಿದ್ದೆ. ಅಂಕೋಲೆಯ ಮಳೆ ಕದ್ರಾದ ಮಳೆಯಲ್ಲ ಎಂಬ ಆಕ್ಷೇಪವನ್ನು ನಾನೇ ಎತ್ತಿ, ನಾನೇ ತಳ್ಳಿಹಾಕಿದೆ. ಉಳಿದದ್ದು ಒಂದೇ ನಿರ್ಣಯ: ಆ ದಿನಗಳಲ್ಲಿ ಗಾಡಿ ನೀರಿನಲ್ಲಿ ಮುಳುಗಿತ್ತು, ಅದನ್ನು ಮುಚ್ಚಲು ಈ ಬಿಸಿಲು. ಮುಳುಗಿದ ಗಾಡಿಯ ತಂತಿಗಳು ವರ್ಷಗಳ ನಂತರವೂ, ಯಾವುದೋ ತಿರುವಿನಲ್ಲಿ, ಏನೂ ಹೇಳದೆ ಕೈಕೊಡುತ್ತವೆ ಎಂದು ಓದಿದ್ದೆ. ಕೊಂಡಿ, ಬೆಚ್ಚಗಿಡುವ ಬ್ಯಾಟರಿ, ಅವಳ ಹೊಟ್ಟೆಗೆ ಹೋಗುವ ಕೊಳವೆ, ಎಲ್ಲ ಆ ತಂತಿಗಳಿಗೆ ಜೋತುಬಿದ್ದಂತೆ ಕಾಣತೊಡಗಿದವು. ಪಕ್ಕದ ಕೋಣೆಯಲ್ಲಿ ಅವಳು ಅಕ್ಕನಿಗೆ ಫೋನಿನಲ್ಲಿ ಕೊಂಡಿಯ ವರ್ಣನೆ ಮಾಡುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿ ರಸ್ತೆಯ ಕೊನೆಯವರೆಗೆ ನಡೆದು ಬಂದೆ. ಬಂದು ಮತ್ತೆ ಹೋದೆ. ಅವಳಿಗೆ ಹೇಳಲಿಲ್ಲ.

ಹೇಳಿದ್ದು ಮೆಕ್ಯಾನಿಕ್‌ಗೆ. ಅವನು ಶೆಟಗೇರಿಯವನು, ನನ್ನ ಹೆಂಡತಿಯ ಹಳೆಯ ವಿದ್ಯಾರ್ಥಿ. ಈಗ ಹೆದ್ದಾರಿಯ ಪಕ್ಕದಲ್ಲಿ ಗ್ಯಾರೇಜು. ಮೀನುಗಾರಿಕೆಗೆ ರಜೆಯಾದ ಮಳೆಗಾಲದ ಎರಡು ತಿಂಗಳು ಗ್ಯಾರೇಜು ಮುಚ್ಚಿ ಬೋಟುಗಳ ಎಂಜಿನ್ನಿಗೆ ಹೋಗುತ್ತಾನೆ. ನನ್ನ ಮೂರು ಪುಟಗಳ ಟಿಪ್ಪಣಿಯನ್ನು ಅವನು ಎಣ್ಣೆಗೈಯಿಂದ ಮುಟ್ಟಲಿಲ್ಲ.

"ಪುಸ್ತಕ ಅತ್ಲಾಗಿಡಿ ಸರ್. ಗಾಡಿ ತಂಪಿರೂವಾಗ ನಾನು ನೋಡ್ಬೇಕು. ಅವ್ರು ಆರು ಗಂಟೆಗೆ ಚಾಲೂ ಮಾಡೂದಾದ್ರೆ ನಾವು ಆರರೊಳಗೆ ಅಲ್ಲಿರ್ಬೇಕು. ಬಿಸಿ ಎಂಜಿನ್ ಎಲ್ಲಾ ಚಂದವೇ ಕಾಣ್ತದೆ."

ಹಿಂದಿನ ದಿನವೇ ಫೋನು ಮಾಡಿ, ನಾವು ಬರುವವರೆಗೆ ಚಾಲೂ ಮಾಡಬೇಡಿ ಎಂದು ಮಾಲಕರನ್ನು ಕೇಳಿಕೊಂಡೆ. ಅವರು "ಆರೂ ಹತ್ತರವರೆಗೆ ತಡೀತೆ" ಎಂದರು.

ಅವಳ ಮೊದಲ ಚೀಲ ಮುಗಿಸಿ, ಮೆಕ್ಯಾನಿಕ್‌ನ ಹಳೆಯ ಜೀಪಿನಲ್ಲಿ ಮೂವರೂ ಹೋದೆವು. ಆರಕ್ಕೆ ಎರಡು ನಿಮಿಷವಿತ್ತು. ಮಾಲಕರು ಚಾವಿಯನ್ನು ಕೈಯಿಂದ ಕೈಗೆ ಬದಲಿಸುತ್ತ ಗಾಡಿಯ ಪಕ್ಕ ನಿಂತಿದ್ದರು. ಮೆಕ್ಯಾನಿಕ್ ಬಾನೆಟ್ಟಿನ ಮೇಲೆ ಅಂಗೈ ಊರಿ ತಲೆ ಆಡಿಸಿದ, ತಣ್ಣಗಿತ್ತು. ಎಣ್ಣೆಯ ಕಡ್ಡಿ ಎಳೆದು, ಬೆರಳುಗಳ ನಡುವೆ ತಿಕ್ಕಿ, ಮೂಸಿದ. ಆಮೇಲೆ ಚಾವಿ ತಿರುವಿದ. ಎರಡನೆಯ ಸಲಕ್ಕೆ ಎಂಜಿನ್ ಚಾಲೂ ಆಯಿತು. ಹಿಂದಿನಿಂದ ಬಿಳಿ ಹೊಗೆ ಬಂದು, ನಾನು ಹತ್ತು ಎಣಿಸುವಷ್ಟರಲ್ಲಿ ತಿಳಿಯಾಯಿತು. ಎಣ್ಣೆ ಹುಯ್ಯುವ ಬಾಯಿಯ ಮುಚ್ಚಳ ತಿರುಗಿಸಿ ತೆಗೆದು, ಅದನ್ನೇ ಬಾಯಿಯ ಮೇಲೆ ಬೋರಲಾಗಿಟ್ಟು ಕೈ ಬಿಟ್ಟ. ಎಂಜಿನ್ನಿನೊಳಗೆ ಸವೆತವಿದ್ದರೆ ಕೆಳಗಿನ ಗಾಳಿಗೆ ಆ ಮುಚ್ಚಳ ಹಾರಿ ಬೀಳಬೇಕು. ಅದು ಸ್ವಲ್ಪ ನಡುಗಿ ಅಲ್ಲೇ ಕೂತಿತು.

"ಬ್ಯಾಕ್ ಕಂಪ್ರೆಶನ್ ಇಲ್ಲ" ಎಂದ.

ಮಾಲಕರು ಜಗುಲಿಯ ಗೋಡೆಯ ಗಡಿಯಾರ ನೋಡಿ, ಜೇಬಿನ ಚೀಟಿಯಲ್ಲಿ ಏನೋ ಬರೆದುಕೊಂಡರು. ಪುಸ್ತಕ ನನ್ನ ಬಳಿ ಇತ್ತಲ್ಲ.

ಮೆಕ್ಯಾನಿಕ್ ಗಾಡಿಯ ಅಡಿಗೆ ಹೋದ. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ಬಡಿಯುತ್ತ ಹೋದ. ಗಟ್ಟಿ ಕಬ್ಬಿಣದ ಸದ್ದು. ಒಂದು ಮೂಲೆಯ ಮಣ್ಣನ್ನು ಕೆರೆದು, ಬೆರಳಿಗೆ ಹಚ್ಚಿ, ನಾಲಗೆಗೆ ಮುಟ್ಟಿಸಿದ. ಬೋಟಿನ ತಳದಲ್ಲಿ ನಿಂತ ನೀರು ಒಡಕಿನಿಂದ ಬಂದ ಸಮುದ್ರದ್ದೋ ಮೇಲಿನಿಂದ ಬಿದ್ದ ಮಳೆಯದೋ ಎಂದು ತಿಳಿಯಲು ನಮ್ಮ ಕಡೆಯ ಬೋಟಿನ ಮೆಕ್ಯಾನಿಕ್‌ಗಳೆಲ್ಲ ಮಾಡುವುದು ಇದನ್ನೇ. ಗಾಡಿಗೂ ಅದನ್ನೇ ಮಾಡುವವನನ್ನು ನಾನು ಮೊದಲ ಸಲ ಕಂಡೆ.

"ಎಂತ ತಮಾ, ಉಪ್ಪು ಸಾಕಾ?" ಎಂದರು ಮಾಲಕರು.

"ಸಪ್ಪೆ. ಒಗ್ಗರಣೆನೂ ಹಾಕ್ಲಿಲ್ಲ ನೀವು."

ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಸಪ್ಪೆ ಎಂದರೆ ಸಮುದ್ರವಿಲ್ಲ, ಅಷ್ಟೇ. ಹೊಳೆಯ ನೀರಿಗೆ ಉಪ್ಪೆಲ್ಲಿ? ಬೆಲ್ಟು ನೋಡು ಎಂದು ಒತ್ತಾಯಿಸಿದೆ. ಅವನು ಬೆಲ್ಟುಗಳನ್ನು ಕೊನೆಯವರೆಗೆ ಎಳೆದ. ನೀರಲ್ಲಿ ನಿಂತ ಗಾಡಿಯ ಬೆಲ್ಟಿನ ಮೇಲೆ, ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲಿ ಒಂದು ಕಂದು ಗೆರೆ ಉಳಿಯುತ್ತದೆ. ಗೆರೆ ಇರಲಿಲ್ಲ. ಸೀಟಿನ ಹಳಿಗಳ ಸಂದಿನಲ್ಲಿ ಕೆಸರಿಲ್ಲ. ಹಿಂದಿನ ದೀಪದ ಗಾಜು ಬಿಚ್ಚಿದ. ಒಳಗೆ ಒಂದು ಸತ್ತ ಜೇಡ, ಒಣಗಿದ್ದು. ರಸ್ತೆಯಲ್ಲಿ ಓಡಿಸಿ ನೋಡಿದಾಗ ಮಾತ್ರ ಎರಡು ಊನಗಳು ಸಿಕ್ಕವು: ಬ್ರೇಕು ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು, ಮತ್ತು ಟೈರುಗಳು ನಿಂತು ನಿಂತು ಒಂದು ಕಡೆ ಚಪ್ಪಟೆಯಾಗಿದ್ದವು.

"ಎಡಗಡೆ ಬ್ರೇಕಿನ ರಬ್ಬರ್ ಪೈಪ್ ಒಳಗೆ ಊದ್ಕಂಡದೆ. ನಾಲ್ಕೂ ಬದಲ್ಸುವಾ. ಟೈರು ನಾಲ್ಕೂ ಹೊಸದು ಬೇಕು" ಎಂದು ತಿರುಗಿ ಬಂದವನೇ ಹೇಳಿದ. "ಚಾಲೂ ಮಾಡ್ತಿದ್ರಿ, ಓಡಿಸ್ತಿರ್ಲಿಲ್ಲ. ಹೌದಾ?"

"ಒಬ್ನೇ ಎಲ್ಲಿಗೆ ಹೋಗೂದು?" ಎಂದರು ಮಾಲಕರು.

ಇಲ್ಲಿಗೆ ಮುಗಿಸಬಹುದಿತ್ತು. ಗಾಡಿ ಮುಳುಗಿರಲಿಲ್ಲ. ಒಬ್ಬ ಬಲ್ಲವನು ಕಣ್ಣು, ಕಿವಿ, ಮೂಗು, ನಾಲಗೆ ಎಲ್ಲ ಇಟ್ಟು ಹೇಳಿದ್ದ. ಆದರೆ ನನ್ನ ಊಹೆ ಬಿದ್ದುಹೋದರೂ ದಾಖಲೆ ಹಾಗೇ ಉಳಿದಿತ್ತು. ಹತ್ತೊಂಬತ್ತು ಸಾಲುಗಳಿಗೆ ಈಗ ವಿವರಣೆಯೇ ಇಲ್ಲದಂತಾಗಿತ್ತು. ವಿವರಣೆಯಿಲ್ಲದ ದಾಖಲೆಯನ್ನು ಬಿಟ್ಟು ಎದ್ದುಬರುವುದು ನನಗೆ ಗೊತ್ತಿಲ್ಲ. ಪುಸ್ತಕ ತೆಗೆದು ಬಾನೆಟ್ಟಿನ ಮೇಲೆ ಬಿಡಿಸಿ, ನನ್ನ ದಿನಚರಿಯನ್ನು ಪಕ್ಕಕ್ಕಿಟ್ಟೆ.

"ಈ ಹತ್ತೊಂಬತ್ತು ದಿನಗಳನ್ನು ನೀವು ಒಂದೇ ದಿನ ಕೂತು ಬರೆದಿದ್ದೀರಿ. ಮಳೆಗಾಲದ ನಡುವೆ ಬಿಸಿಲೆಂದು ಬರೆದಿದ್ದೀರಿ. ಇದು ಸುಳ್ಳು ದಾಖಲೆ. ಯಾಕೆ ಎಂದು ತಿಳಿಯದೆ ಗಾಡಿ ಕೊಳ್ಳುವುದು ಹೇಗೆ?"

ಅವರು ಜಗುಲಿಯ ಕಡೆ ಕೈ ತೋರಿಸಿದರು. ಬಾಗಿಲ ಮೇಲೆ ಅವರ ಹೆಂಡತಿಯ ಫೋಟೊ ಇತ್ತು, ಪ್ಲಾಸ್ಟಿಕ್ ಮಾಲೆ ಹಾಕಿದ್ದು. ಹಿಂದಿನ ಸಲ ಬಂದಾಗಲೂ ಅದರ ಕೆಳಗೇ ಕೂತು ಚಹಾ ಕುಡಿದಿದ್ದೆ. ಎಲ್ಲ ಮನೆಗಳಲ್ಲಿ ಹಾಕಿಸುವಂತೆ ಚೌಕಟ್ಟಿನ ಕೆಳಗೆ ಎರಡು ದಿನಾಂಕಗಳು ಅಚ್ಚಾಗಿದ್ದವು, ಜನನ, ಮರಣ. ಆ ಮನೆಯ ಅಂಗಳದಲ್ಲಿ ನಾನು ಓದದೆ ಬಿಟ್ಟದ್ದು ಅದೊಂದನ್ನೇ. ಎರಡನೆಯ ದಿನಾಂಕ ನನ್ನ ಹತ್ತೊಂಬತ್ತನೆಯ ಸಾಲಿನ ದಿನಾಂಕವಾಗಿತ್ತು.

"ಕಾರವಾರದ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆ ಹತ್ತೊಂಬತ್ತು ದಿನ" ಎಂದರು ಅವರು, ನನ್ನನ್ನು ನೋಡದೆ. "ಇಲ್ಲಿ ಚಾಲೂ ಮಾಡೂಕೆ ಯಾರು? ದಹನ ಮುಗ್ಸಿ ಬಂದು ಅದೇ ರಾತ್ರಿ ಪುಸ್ತಕ ತೆಗದ್ರೆ ಹತ್ತೊಂಬತ್ತು ಖಾಲಿ. ನಮ್ಮ ಕೆಲ್ಸದಲ್ಲಿ ಮಶೀನ್ ನಿಂತ್ರೆ ಖಾಲಿ ಬಿಡೂಕಿಲ್ಲ ಸರ್. ಷರಾದಲ್ಲಿ ಕಾರಣ ಬರೀಬೇಕು. ಕಾರಣ ಬರಿಯೂಕೆ ಕೂತೆ. ಕೈ ಬರ್ಲಿಲ್ಲ. ಮಶೀನ್ ನಡೀತಿತ್ತು ಅಂತ ಬರದೆ. ಬಿಸಿಲಿತ್ತು ಅಂತ ಬರದೆ."

ಅವರು ಪುಸ್ತಕವನ್ನು ಮುಚ್ಚಿ ಕಂಕುಳಿಗೆ ಸೇರಿಸಿ, ಚಾವಿಯನ್ನು ಜೇಬಿಗೆ ಹಾಕಿಕೊಂಡರು.

"ನೀವು ಹೋಗಿ ಸರ್. ಗಾಡಿ ಕೊಡೂದಿಲ್ಲ ನಾನು."

ಕ್ಷಮೆ ಕೇಳಲು ಬೇಕಾದ ವಾಕ್ಯವನ್ನೂ ನಾನು ಮನಸ್ಸಿನಲ್ಲಿ ತಿದ್ದುತ್ತಲೇ ಇದ್ದೆ. ಮೆಕ್ಯಾನಿಕ್ ತನ್ನ ಸಾಮಾನು ಚೀಲಕ್ಕೆ ತುಂಬತೊಡಗಿದ. ಮುಂದಿನ ಚೀಲದ ಹೊತ್ತಿಗೆ ನಾವು ಬೊಬ್ರುವಾಡದಲ್ಲಿರಬೇಕಿತ್ತು. ಆಗ ನನ್ನ ಹೆಂಡತಿ ವ್ಯಾನಿನ ಮೆಟ್ಟಿಲ ಮೇಲೆ ಕೂತಳು.

"ನಾನೂ ಬರದಿದ್ದೆ" ಎಂದಳು.

"ಎಂತ ಅಕ್ಕೋರೆ?"

"ಸುಳ್ಳು. ನನ್ನ ಪುಸ್ತಕದಲ್ಲಿ." ಅವಳು ಹೇಳಿದ್ದು ಅವರಿಗೆ, ಆದರೆ ನೋಡಿದ್ದು ನನ್ನನ್ನು. "ಹುಬ್ಳಿ ಮದ್ವೆಗೆ ಹೊರಟ ದಿನ ಬೆಳಿಗ್ಗೆ ಮನೇಲೇ ಚೀಲ ಮಸುಕಾಗಿತ್ತು. ಸ್ವಲ್ಪವೇ. ಹಿಂದಿನ ದಿನ ಒಂದ್ಸಲ ಕೈ ತೊಳೀದೆ ಮುಟ್ಟಿದ್ದೆ ಅಂತ ನಂಗೆ ಗೊತ್ತಿತ್ತು. ಮಸುಕು ಅಂತ ಬರದ್ರೆ ಇವ್ರು ಮದ್ವೆ ಬಿಡಿಸ್ತಿದ್ರು. ಅಕ್ಕ ಅಲ್ಲಿ ಕಾಯ್ತಿದ್ಲು. ತಿಳಿ ಅಂತ ಬರದೆ. ಸಂಜೆ ಲಾಡ್ಜಲ್ಲೂ ಅದನ್ನೇ ಬರದೆ. ಇವ್ರು ಅದ್ರ ಮೇಲೆ ಪಟ್ಟಿ ಮಾಡಿ, ಲಾಡ್ಜಿನ ತಪ್ಪು ಅಂತ ಡಾಕ್ಟ್ರಿಗೆ ಕೊಟ್ರು. ನಾ ಸುಮ್ಮನಾದೆ."

ಮೂರು ವರ್ಷ ನಮ್ಮನ್ನು ಎರಡೂವರೆ ಗಂಟೆಯ ದಾರಿಗೆ ಕಟ್ಟಿಹಾಕಿದ ಪಟ್ಟಿ, ನಾನು ಹೆಮ್ಮೆಪಟ್ಟ ಪಟ್ಟಿ, ಒಂದೇ ಪದದ ಮೇಲೆ ನಿಂತಿತ್ತು. ಆ ಪದದ ಅಕ್ಷರ, ಓರೆ, ಶಾಯಿ ಯಾವುದನ್ನೂ ನಾನು ಪರೀಕ್ಷಿಸಿರಲಿಲ್ಲ. ಪರೀಕ್ಷಿಸಿದ್ದರೂ ಸಿಗುತ್ತಿರಲಿಲ್ಲ, ಅದು ಆ ದಿನವೇ, ಆ ಗಂಟೆಗೇ, ನೆಟ್ಟಗೆ ಬರೆದದ್ದು.

ಮೊದಲು ಬಾಯಿಬಿಟ್ಟವನು ಮೆಕ್ಯಾನಿಕ್. "ಒಂದು ಮಗ್ಗಿ ತಪ್ಪಿದ್ರೆ ನಮ್ಗೆ ಐದು ಛಡಿ ಹೊಡೀತಿದ್ರಿ ಅಕ್ಕೋರೆ!"

"ನಿಂಗೆ ಇನ್ನೂ ಐದು ಬಾಕಿ ಅದೆ" ಎಂದಳು ಅವಳು.

ಮಾಲಕರ ಮುಖ ಸಡಿಲವಾದದ್ದನ್ನು ನಾನು ನೋಡಲಿಲ್ಲ, ತಲೆ ತಗ್ಗಿಸಿದ್ದೆ. ಅವರು ಜಗುಲಿಯಿಂದ ಚೊಂಬಿನಲ್ಲಿ ನೀರು ತಂದು ಅವಳಿಗೆ ಕೊಟ್ಟದ್ದು ಮಾತ್ರ ಕಂಡಿತು. ಅವಳಿಗೆ ದಿನಕ್ಕೆ ಇಷ್ಟೇ ನೀರೆಂಬ ಮಿತಿ ಇದೆ. ಎರಡು ಗುಟುಕು ಕುಡಿದು ಉಳಿದದ್ದನ್ನು ತುಳಸಿಗೆ ಹಾಕಿದಳು.

"ನಿಮ್ಮ ಅಕ್ಕ ಎಲ್ಲಿದ್ದಾರೆ?"

"ಬೀದರ್."

"ದೂರ ಆತು" ಎಂದರು. ಗಾಡಿಯ ಸುತ್ತ ಒಂದು ಸುತ್ತು ಬಂದರು. "ಬ್ರೇಕ್ ಪೈಪ್ ಹಾಕ್ಸಿ. ಟೈರ್ ಹಾಕ್ಸಿ. ಹಾಕ್ಸದೆ ದೂರ ಹೊರಡ್ಬೇಡಿ. ಪುಸ್ತಕ ಕೊಡೂದಿಲ್ಲ. ಅದು ನಮ್ಮನೇದು. ಗಾಡಿ ತಕಂಡ್ಹೋಗಿ ಅಕ್ಕೋರೆ."

ವ್ಯವಹಾರವೆಲ್ಲ ಅವಳ ಜೊತೆಗೇ ನಡೆಯಿತು. ನನ್ನ ಜೊತೆ ಅವರು ಆಮೇಲೆ ನೇರವಾಗಿ ಮಾತಾಡಲಿಲ್ಲ. ಕಾಗದಗಳಿಗೆ ಸಹಿ ಹಾಕುವಾಗ ಪೆನ್ನನ್ನೂ ಅವಳ ಕೈಯಿಂದಲೇ ದಾಟಿಸಿದರು. ಕ್ಷಮೆ ಕೇಳಿದೆ. ಕೇಳಿಸಿಕೊಂಡರು.

ತಿರುಗಿ ಬರುವಾಗ ಹೊಳೆ ಬಲಗಡೆಗೆ ಬಂತು. ಮೂರು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಕೇಳ್ಲಿಲ್ಲ. ಬರದದ್ದು ಓದಿದ್ರಿ" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಆಮೇಲೆ ನಂಗೆ ಹೆದ್ರಿಕೆನೂ ಆಗಿತ್ತು. ಮನೇಲೇ ತಪ್ಪಾಗ್ತದೆ ಅಂದ್ರೆ ಇನ್ನೆಲ್ಲಿ ಕೂತು ಮಾಡೂದು?" ಎಂದಳು.

ಅದೇ ವಾರ ವೈದ್ಯರಲ್ಲಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆವು. ಅವರು ಅವಳಿಗೆ ಕೈ ತೊಳೆಯುವ ಪಾಠವನ್ನು ಮೊದಲಿನಿಂದ ಹೇಳಿಕೊಟ್ಟು, ಹೋಗಿಬನ್ನಿ ಎಂದರು. ಹಾಗಾದರೆ ಲಾಡ್ಜಿಗೂ ಹೋಗಬಹುದಲ್ಲ ಎಂದು ನಾನೆಂದಾಗ ಅವಳು ತಲೆಯಾಡಿಸಿದಳು. "ಹೋಗೂಕಾಗ್ತದೆ. ಆದ್ರೆ ನಂಗೆ ಆ ಕೊಂಡಿ ಬೇಕು."

ಬ್ರೇಕಿನ ಪೈಪುಗಳು ಬಂದವು, ತಪ್ಪು ಅಳತೆಯವು, ಮತ್ತೆ ತರಿಸಿದ್ದಾಯಿತು. ಹೊಸ ಟೈರುಗಳ ನಾಲ್ಕು ಅಂಕಿಗಳನ್ನು ನಾನು ನೋಡಿದೆ. ನೋಡದೆ ಇರಲಾಗಲಿಲ್ಲ. ಇಶಾಡು ಮರದಿಂದ ಇಳಿಯುವಷ್ಟರಲ್ಲಿ ಗಾಡಿ ನಮ್ಮ ಮನೆಯೆದುರು ನಿಂತಿತ್ತು, ಮೇಘಗಳೂ ಸಮುದ್ರದ ಕಡೆಯಿಂದ ಇಣುಕತೊಡಗಿದ್ದವು. ಮೆಕ್ಯಾನಿಕ್ ಬೋಟುಗಳಿಗೆ ಹೋಗುವ ಮುನ್ನ ಕೊನೆಯ ಸಲ ಬಂದು ಗಾಡಿಯ ಅಡಿಗೆ ಹೊಕ್ಕು, ಎದ್ದು, ನಾಲಗೆ ಚಪ್ಪರಿಸಿ, "ಬೇಗ ಹೊರಡಿ, ಇಲ್ಲಿ ನಿಂತ್ರೆ ಉಪ್ಪಾಗ್ತದೆ" ಎಂದ.

ಹೊರಡುವ ಬೆಳಿಗ್ಗೆ ಮೊದಲ ಚೀಲವನ್ನು ಗಾಡಿಯಲ್ಲೇ ಬದಲಿಸಬೇಕೆಂದು ಅವಳು ಹಟ ಹಿಡಿದಳು. ಕಿಟಕಿ ಮುಚ್ಚಿ, ಎರಡು ಸಲ ಕೈ ತೊಳೆದು, ಕೊಂಡಿಗೆ ಚೀಲ ತೂಗುಹಾಕಿದಳು. ಕೊಂಡಿ ತಡೆಯಿತು. ಕೆಳಗಿನ ಚೀಲಕ್ಕೆ ಹಳೆಯ ದ್ರವ ಇಳಿದು, ಹೊಸದು ಒಳಕ್ಕೆ ಹೋಗಿ, ಕೊಳವೆ ಬಿಡಿಸಿದ ಮೇಲೆ, ನೋಟುಬುಕ್ಕು ತೆರೆದು ಪೆನ್ನು ಹಿಡಿದವಳು ಬರೆಯದೆ ನನ್ನ ಕಡೆ ನೋಡಿದಳು.

"ನೀವೇ ನೋಡಿ ಹೇಳಿ."

ದ್ರವ ತಿಳಿಯಾಗಿದೆಯೇ ಎಂದು ನೋಡಲು ಆಸ್ಪತ್ರೆಯಲ್ಲಿ ಕಲಿಸಿದ ವಿಧಾನವೊಂದಿದೆ: ಚೀಲವನ್ನು ಪತ್ರಿಕೆಯ ಮೇಲಿಟ್ಟು ಅದರ ಮೂಲಕ ಅಕ್ಷರ ಓದುವುದು. ಹಿಂದಿನ ದಿನದ ಪತ್ರಿಕೆಯನ್ನು ಮಂಚದ ಮೇಲೆ ಹಾಸಿ, ಬೆಚ್ಚಗಿದ್ದ ಚೀಲವನ್ನು ಎರಡೂ ಕೈಯಿಂದ ಎತ್ತಿ ಪತ್ರಿಕೆಯ ತಲೆಭಾಗದ ಮೇಲಿಟ್ಟು, ಬಗ್ಗಿದೆ. ವಾರ, ತಿಂಗಳು, ವರ್ಷ, ಪುಟದ ಸಂಖ್ಯೆ, ಒಂದೊಂದೂ ಓದಬರುತ್ತಿತ್ತು. ಇನ್ನೊಮ್ಮೆ ಓದಿದೆ.

"ತಿಳಿ" ಎಂದೆ.

ಅವಳು ಬರೆದಳು. ಹೊರಗಿದ್ದ ಮಾವಿನ ಬುಟ್ಟಿಯನ್ನು ತಂದು ಸೀಟಿನ ಕೆಳಗೆ ಕಟ್ಟಿ, ಗಡಿಯಾರ ನೋಡಿದೆ. ಆರಾಗಿತ್ತು. ಚಾವಿ ತಿರುವಿದೆ.